ಪೇಸ್‌ಮೇಕರ್ ಅಳವಡಿಸಿದ ಮೇಲೆ ಗಂಟಲು ಕೆಟ್ಟರೆ, ದನಿ ಬದಲಾದರೆ: ಲಕ್ಷಣ ಹಿಡಿದು ಕಾರಣ ಹುಡುಕುವ ಬಗೆ

ಹೃದಯದ ಬಡಿತವನ್ನು ಸರಿಯಾಗಿಡುವ ಪುಟ್ಟ ವಿದ್ಯುತ್ ಯಂತ್ರವಾದ ಪೇಸ್‌ಮೇಕರ್ ಅಳವಡಿಸಿಕೊಂಡು ಮನೆಗೆ ಬಂದ ಕೆಲವರು, ಎದೆಯ ಹೊಲಿಗೆ ಪರವಾಗಿಲ್ಲ, ಆದರೆ ಗಂಟಲು ಕೂತಿದೆ, ದನಿ ಒಡೆದಿದೆ, ನೀರು ಕುಡಿದರೆ ನೆತ್ತಿಗೆ ಹತ್ತುತ್ತದೆ ಎನ್ನುತ್ತಾರೆ. ಮನೆಯವರಲ್ಲಿ ಒಬ್ಬರು ಅದನ್ನು ಯಂತ್ರದ ದೋಷವೆಂದು ಹೆದರುತ್ತಾರೆ, ಇನ್ನೊಬ್ಬರು ನೆಗಡಿಯೆಂದು ತಳ್ಳಿಹಾಕುತ್ತಾರೆ. ಎರಡೂ ಅವಸರದ ತೀರ್ಮಾನಗಳೇ. ತೊಂದರೆ ಯಾವ ದಿನ, ಯಾವ ಹೊತ್ತಿನಲ್ಲಿ, ಯಾವುದರ ಜೊತೆಗೆ ಶುರುವಾಯಿತು ಎಂಬುದನ್ನು ನೋಡಿಕೊಂಡರೆ ಕಾರಣದ ಅರ್ಧ ದಾರಿ ಅಲ್ಲಿಯೇ ತೆರೆದುಕೊಳ್ಳುತ್ತದೆ.

ಸಾಮಾನ್ಯ ಪೇಸ್‌ಮೇಕರ್ ಶಸ್ತ್ರಚಿಕಿತ್ಸೆಯಲ್ಲಿ ಗಂಟಲನ್ನು ಯಾರೂ ಮುಟ್ಟುವುದಿಲ್ಲ. ಕೊರಳೆಲುಬಿನ ಕೆಳಗಿನ ಚರ್ಮವನ್ನು ಅಲ್ಲಿಗಷ್ಟೇ ಮರಗಟ್ಟಿಸಿ, ಒಂದು ಚಿಕ್ಕ ಜೇಬಿನಂತೆ ಬಿಡಿಸಿ, ಅಲ್ಲಿ ಯಂತ್ರವನ್ನು ಇರಿಸುತ್ತಾರೆ. ಲೀಡ್ ಎಂದು ಕರೆಯುವ ತಂತಿಗಳನ್ನು ಪಕ್ಕದ ಅಭಿಧಮನಿಯ ಮೂಲಕ ಹೃದಯದ ಬಲಭಾಗಕ್ಕೆ ಇಳಿಸುತ್ತಾರೆ. ತಂತಿಯೇ ಇಲ್ಲದ, ತೊಡೆಸಂದಿನ ರಕ್ತನಾಳದಿಂದ ಒಳಗೆ ಕಳುಹಿಸುವ ಪುಟ್ಟ ಪೇಸ್‌ಮೇಕರ್‌ಗಳಲ್ಲಿ ಕುತ್ತಿಗೆಯ ಹತ್ತಿರದ ಕೆಲಸವೇ ಇರುವುದಿಲ್ಲ. ಹೀಗಿರುವಾಗ ಗಂಟಲು ಕೆಟ್ಟಿದೆಯೆಂದರೆ ಅದು ಬೇರೊಂದು ದಾರಿಯಿಂದ ಬಂದಿರಬೇಕು: ಬಾಯಿಯೊಳಗೆ ಹಾಕಿದ ನಳಿಕೆ, ಕುತ್ತಿಗೆಗೆ ಚುಚ್ಚಿದ ಸೂಜಿ, ಹೊಸದಾಗಿ ಶುರುವಾದ ಮಾತ್ರೆ, ಯಂತ್ರದ ಮಿಡಿತ ತಲುಪಬಾರದ ನರವನ್ನು ತಲುಪಿದ್ದು, ಅಥವಾ ಶಸ್ತ್ರಚಿಕಿತ್ಸೆಗೆ ಮೊದಲೇ ಇದ್ದು ಯಾರ ಗಮನಕ್ಕೂ ಬಾರದ ಕಾಯಿಲೆ.

ಈ ಚಿಹ್ನೆಗಳಿದ್ದರೆ ಮುಂದೆ ಓದಬೇಡಿ, ಹೊರಡಿ

ಉಸಿರು ಒಳಗೆಳೆದುಕೊಳ್ಳುವಾಗ ಸೀಟಿಯಂಥ ಅಥವಾ ಗೊರಗೊರ ಸದ್ದು ಬರುತ್ತಿದ್ದರೆ, ತುಟಿ, ನಾಲಿಗೆ ಅಥವಾ ಗಂಟಲು ಊದಿಕೊಂಡು ದನಿ ಉಸಿರುಗಟ್ಟಿದಂತಾಗಿದ್ದರೆ, ಉಗುಳನ್ನೂ ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ, ಕುತ್ತಿಗೆಯ ಒಂದು ಬದಿ ನೋಡನೋಡುತ್ತ ದಪ್ಪಗಾಗುತ್ತಿದ್ದರೆ, ಎದೆನೋವಿನೊಂದಿಗೆ ಏದುಸಿರು ಬಂದರೆ, ಅಥವಾ ಪೇಸ್‌ಮೇಕರ್ ಹಾಕುವ ಮುಂಚೆ ಬರುತ್ತಿದ್ದಂಥ ತಲೆಸುತ್ತು, ಎಚ್ಚರ ತಪ್ಪುವಿಕೆ ಮರಳಿ ಬಂದರೆ 108ಕ್ಕೆ ಕರೆಮಾಡಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ರೋಗಿಗೆ ನೀರನ್ನಾಗಲಿ ಕಷಾಯವನ್ನಾಗಲಿ ಕುಡಿಸಬಾರದು.

ದನಿ ಕೆಡುವುದು ಬೇರೆ, ಮಾತು ಕೆಡುವುದು ಬೇರೆ. ದನಿ ಕೆಟ್ಟಾಗ ಸದ್ದು ಒರಟಾಗುತ್ತದೆ ಅಥವಾ ಸಣ್ಣದಾಗುತ್ತದೆ, ಆದರೆ ಪದಗಳು ಸ್ಪಷ್ಟವಾಗಿಯೇ ಇರುತ್ತವೆ. ಮಾತು ಕೆಟ್ಟಾಗ ನಾಲಿಗೆ ತೊದಲುತ್ತದೆ, ಅಕ್ಷರಗಳು ಕಲಸಿಕೊಳ್ಳುತ್ತವೆ, ಹೇಳಬೇಕಾದ ಪದ ಸಿಗದೆ ರೋಗಿ ತಡವರಿಸುತ್ತಾರೆ. ಇದು ಇದ್ದಕ್ಕಿದ್ದಂತೆ ಆದರೆ, ಜೊತೆಗೆ ಬಾಯಿ ಒಂದು ಕಡೆ ವಾಲಿದ್ದರೆ ಅಥವಾ ಒಂದು ಕೈ ಸೋತಿದ್ದರೆ, ಅದನ್ನು ಮೆದುಳಿನ ಪಾರ್ಶ್ವವಾಯು ಎಂದೇ ಭಾವಿಸಿ ನಡೆದುಕೊಳ್ಳಬೇಕು. ಪೇಸ್‌ಮೇಕರ್ ಇರುವ ಹಲವರಿಗೆ ಹೃತ್ಕರ್ಣದ, ಅಂದರೆ ಹೃದಯದ ಮೇಲಿನ ಕೋಣೆಯ, ಅನಿಯಮಿತ ಬಡಿತವೂ ಇರುವುದರಿಂದ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗುವ ಅಪಾಯ ಇದ್ದೇ ಇರುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ; ಆದ್ದರಿಂದ "ರೋಗಿ ಕೊನೆಯದಾಗಿ ಸರಿಯಾಗಿ ಮಾತಾಡಿದ್ದು ಎಷ್ಟು ಗಂಟೆಗೆ" ಎಂಬುದನ್ನು ಬರೆದುಕೊಂಡೇ ಹೊರಡಿ.

ಮೊದಲ ತಪಾಸಣೆ ಕಾಗದದ ಮೇಲೆ

ಖರ್ಚಿಲ್ಲದ ತಪಾಸಣೆಯೆಂದರೆ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಟ್ಟ ವರದಿಯನ್ನು ಓದುವುದು. ಪೂರ್ಣ ಅರಿವಳಿಕೆ ಕೊಟ್ಟು ಉಸಿರಾಟದ ನಳಿಕೆ ಹಾಕಿದ್ದರೇ, ಬಾಯಿಯ ಮೂಲಕ ಅನ್ನನಾಳಕ್ಕೆ ಕೊಳವೆ ಇಳಿಸಿ ಎಕೋ ಪರೀಕ್ಷೆ (ಶಬ್ದದ ಅಲೆಗಳಿಂದ ಹೃದಯವನ್ನು ನೋಡುವುದು) ಮಾಡಿದ್ದರೇ, ಯಂತ್ರ ಕೂರಿಸುವ ಮೊದಲು ಕುತ್ತಿಗೆಯ ಅಭಿಧಮನಿಯ ಮೂಲಕ ತಾತ್ಕಾಲಿಕ ತಂತಿ ಹಾಕಿದ್ದರೇ, ಯಂತ್ರ ಹೃದಯದ ಒಂದು ಕೋಣೆಯನ್ನು ಮಿಡಿಸುವುದೋ ಎರಡು ಕೋಣೆಗಳನ್ನೋ, ನಿಮಿಷಕ್ಕೆ ಕನಿಷ್ಠ ಎಷ್ಟು ಬಡಿತಕ್ಕೆ ಹೊಂದಿಸಿದ್ದಾರೆ, ಹೊಸದಾಗಿ ಬರೆದುಕೊಟ್ಟ ಮಾತ್ರೆಗಳು ಯಾವುವು ಎಂಬ ಈ ಆರು ಸಂಗತಿಗಳು ಗೊತ್ತಾದರೆ ಮುಂದಿನ ಪ್ರತಿ ವಿಭಾಗವೂ ಸುಲಭವಾಗುತ್ತದೆ. ವರದಿಯಲ್ಲಿ ಇಲ್ಲದಿದ್ದರೆ ಆಸ್ಪತ್ರೆಯನ್ನು ಕೇಳಿ ಬರೆಸಿಕೊಳ್ಳಬಹುದು. ಅದು ರೋಗಿಯ ಹಕ್ಕು.

ಎರಡನೆಯದು ದನಿಯ ದಾಖಲೆ. ಪ್ರತಿದಿನ ಒಂದೇ ಹೊತ್ತಿನಲ್ಲಿ, ಕಂಠಪಾಠವಿರುವ ನಾಲ್ಕು ಸಾಲುಗಳನ್ನು ಹೇಳಿ, ಒಂದರಿಂದ ಇಪ್ಪತ್ತರವರೆಗೆ ಒಂದೇ ಉಸಿರಿನಲ್ಲಿ ಎಣಿಸಿ, ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ. ಐದು ದಿನಗಳ ದಾಖಲೆಯನ್ನು ಒಟ್ಟಿಗೆ ಕೇಳಿದರೆ ದನಿ ಸುಧಾರಿಸುತ್ತಿದೆಯೋ ಹಾಗೆಯೇ ಇದೆಯೋ ಎಂಬುದು ನಮ್ಮ ನೆನಪಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಮೊಬೈಲನ್ನು ಯಂತ್ರವಿರುವ ಜಾಗದಿಂದ 15 ಸೆಂಟಿಮೀಟರ್‌ನಷ್ಟಾದರೂ ದೂರ ಹಿಡಿಯಬೇಕು, ಆ ಬದಿಯ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಬಾರದು.

ಲಕ್ಷಣ: ಮೊದಲ ಎರಡು ಮೂರು ದಿನ ಗಂಟಲು ಒಣಗುವುದು, ಕೆರೆತ, ನುಂಗುವಾಗ ನೋವು

ಶಸ್ತ್ರಚಿಕಿತ್ಸೆಗೆ ಮುನ್ನ ಗಂಟೆಗಟ್ಟಲೆ ನೀರಿಲ್ಲದೆ ಇದ್ದದ್ದು, ಮುಖಕ್ಕೆ ಹಿಡಿದ ಆಮ್ಲಜನಕ, ನಿದ್ದೆಯ ಮದ್ದಿನ ಮಂಪರಿನಲ್ಲಿ ಬಾಯಿಂದ ಉಸಿರಾಡಿದ್ದು, ಇಷ್ಟೇ ಸಾಕು ಗಂಟಲು ಕೆರೆಯಲು. ಇದು ಒಂದೆರಡು ದಿನಗಳಲ್ಲಿ ಹೋಗುತ್ತದೆ. ಉಸಿರಾಟದ ನಳಿಕೆ ಅಥವಾ ಎಕೋ ಕೊಳವೆ ಹಾಕಿದ್ದರೆ ನೋವು ಮೂರು ದಿನದವರೆಗೂ ಇರಬಹುದು, ಆದರೆ ದಿನದಿಂದ ದಿನಕ್ಕೆ ಇಳಿಯುತ್ತಿರಬೇಕು. ಬೆಚ್ಚನೆಯ ನೀರನ್ನು ಗುಟುಕು ಗುಟುಕಾಗಿ ಕುಡಿಯುವುದು, ಒಂದು ಲೋಟ ಬಿಸಿನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ ಉಗುಳುವುದು, ಗಂಜಿಯಂಥ ಮೆದು ಆಹಾರ, ಇವಿಷ್ಟೇ ಮದ್ದು. ಹೃದಯ ವೈಫಲ್ಯವಿದ್ದು ದಿನಕ್ಕೆ ಇಷ್ಟೇ ನೀರು ಎಂದು ವೈದ್ಯರು ಮಿತಿ ಹಾಕಿದ್ದರೆ ಗಂಟಲಿನ ನೆಪದಲ್ಲಿ ಆ ಮಿತಿಯನ್ನು ಮೀರಬಾರದು.

ನೋವು ಇಳಿಯುವ ಬದಲು ಏರುತ್ತಿದ್ದರೆ ಲೆಕ್ಕ ಬೇರೆ. ಎಕೋ ಕೊಳವೆ ಹಾಕಿದ ನಂತರ ಕುತ್ತಿಗೆಯಲ್ಲೋ ಎದೆಯಲ್ಲೋ ತೀವ್ರ ನೋವು, ಜ್ವರ, ಉಗುಳಿನಲ್ಲಿ ರಕ್ತ ಕಂಡರೆ ಅನ್ನನಾಳಕ್ಕೆ ಗಾಯವಾಗಿರುವ ಸಾಧ್ಯತೆ ಇರುತ್ತದೆ. ಇದು ಅಪರೂಪ, ಆದರೆ ಕಾಯುವ ವಿಷಯವಲ್ಲ. ಏನನ್ನೂ ತಿನ್ನದೆ ಕುಡಿಯದೆ ಆಸ್ಪತ್ರೆಗೆ ಹೋಗಬೇಕು.

ಗಂಟಲು ನೋವಿನೊಂದಿಗೆ ಜ್ವರ, ಚಳಿ ಬಂದಾಗ ನಮ್ಮಲ್ಲಿ ಬಹುಮಂದಿ ಮಾಡುವ ಒಂದು ತಪ್ಪನ್ನು ಒತ್ತಿ ಹೇಳಬೇಕು. ಔಷಧಿ ಅಂಗಡಿಯಲ್ಲಿ ಕೇಳಿ ಮೂರು ದಿನದ ಆಂಟಿಬಯಾಟಿಕ್ ನುಂಗುತ್ತಾರೆ. ಹೊಸ ಪೇಸ್‌ಮೇಕರ್ ಇರುವವರ ಜ್ವರ ಗಂಟಲಿನದೇ ಆಗಿರಬೇಕೆಂದಿಲ್ಲ. ಯಂತ್ರದ ಜೇಬಿಗೋ, ತಂತಿಗೋ, ಹೃದಯದ ಕವಾಟಕ್ಕೋ ಸೋಂಕು ತಗುಲಿರಬಹುದು. ಅದನ್ನು ಪತ್ತೆಮಾಡುವುದು ರಕ್ತದಲ್ಲಿ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಯಿಂದ. ಮೊದಲೇ ನುಂಗಿದ ಅರೆಬರೆ ಆಂಟಿಬಯಾಟಿಕ್ ಆ ಪರೀಕ್ಷೆಯಲ್ಲಿ ರೋಗಾಣು ಸಿಗದಂತೆ ಮಾಡಿ, ಸೋಂಕನ್ನು ಒಳಗೊಳಗೇ ಬೆಳೆಯಲು ಬಿಡುತ್ತದೆ. ಆದ್ದರಿಂದ ಯಂತ್ರದ ಜಾಗ ಕೆಂಪಾಗಿದೆಯೇ, ಬಿಸಿಯಾಗಿದೆಯೇ, ಒಸರುತ್ತಿದೆಯೇ ಎಂದು ನೋಡಿ, ಜ್ವರವಿದ್ದರೆ ಮಾತ್ರೆಗೆ ಮುನ್ನ ಹೃದ್ರೋಗ ತಜ್ಞರಿಗೆ ತಿಳಿಸಿ.

ಲಕ್ಷಣ: ದನಿ ಒಡೆದಿದೆ, ಗೊಗ್ಗರಾಗಿದೆ ಅಥವಾ ಗಾಳಿ ಸೋರಿದಂತಿದೆ

ಧ್ವನಿತಂತುಗಳನ್ನು ಆಡಿಸುವ ಎಡಬದಿಯ ನರದ ದಾರಿ ವಿಚಿತ್ರವಾದದ್ದು. ಅದು ಮೆದುಳಿನಿಂದ ಇಳಿದು ಕುತ್ತಿಗೆಯನ್ನು ದಾಟಿ ಎದೆಯೊಳಗೆ ಹೋಗಿ, ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನಿನ ಕೆಳಗೆ ಸುತ್ತು ಹಾಕಿ, ಮತ್ತೆ ಮೇಲೇರಿ ಧ್ವನಿಪೆಟ್ಟಿಗೆಗೆ ಬರುತ್ತದೆ. ಬಲಬದಿಯ ನರ ಕೊರಳೆಲುಬಿನ ಹಿಂದಿನ ಅಪಧಮನಿಯನ್ನು ಸುತ್ತಿ ಹಿಂದಿರುಗುತ್ತದೆ. ಗಂಟಲಿಗೆ ಹೋಗಬೇಕಾದ ನರ ಹೃದಯದ ನೆರೆಮನೆಯನ್ನು ಹಾದು ಬರುವುದರಿಂದಲೇ ಎದೆಯ ತೊಂದರೆ ದನಿಯಲ್ಲಿ ಕೇಳಿಸುತ್ತದೆ. ಹಿಗ್ಗಿದ ಎಡ ಹೃತ್ಕರ್ಣದಿಂದ ದನಿ ಕೆಟ್ಟ ರೋಗಿಗಳನ್ನು ವೈದ್ಯ ನಾರ್ಬರ್ಟ್ ಓರ್ಟ್ನರ್ 1897ರಲ್ಲಿಯೇ ವಿವರಿಸಿದ್ದರು. ಮಕ್ಕಳಾಗಿದ್ದಾಗ ಬಂದ ಸಂಧಿವಾತ ಜ್ವರದಿಂದ ಕವಾಟ ಕಿರಿದಾಗಿ ಎಡ ಹೃತ್ಕರ್ಣ ಹಿಗ್ಗಿದವರು ನಮ್ಮ ದೇಶದಲ್ಲಿ ಇನ್ನೂ ಇರುವುದರಿಂದ ಈ ಹಳೆಯ ಸಂಗತಿ ಇಂದಿಗೂ ಕೆಲಸಕ್ಕೆ ಬರುತ್ತದೆ: ದನಿ ಶಸ್ತ್ರಚಿಕಿತ್ಸೆಗೆ ಮೊದಲೇ ಕೆಟ್ಟಿತ್ತೇ ಎಂದು ಮನೆಯವರನ್ನು ಕೇಳಿ, ಹಳೆಯ ಮದುವೆಯ ವಿಡಿಯೋ ಇದ್ದರೆ ಹಾಕಿ ನೋಡಿ.

ಶಸ್ತ್ರಚಿಕಿತ್ಸೆ ಮುಗಿದ ಕೂಡಲೇ ದನಿ ಬಿದ್ದು, ಕೆಲವು ಗಂಟೆಗಳಲ್ಲಿ ತಾನಾಗಿ ಮರಳಿದರೆ ಅದು ಹೆಚ್ಚಾಗಿ ಮರಗಟ್ಟಿಸುವ ಮದ್ದು ನರದ ಕಡೆಗೆ ಹರಡಿದ್ದರ ಫಲ. ಮದ್ದಿನ ಶಕ್ತಿ ಇಳಿದಂತೆ ದನಿ ಏರುತ್ತದೆ. ಅಲ್ಲಿಯವರೆಗೆ ನೀರನ್ನು ಎಚ್ಚರಿಕೆಯಿಂದ, ಕುಳಿತೇ ಕುಡಿಯಬೇಕು. ನಳಿಕೆ ಹಾಕಿದ್ದವರ ದನಿ ಧ್ವನಿತಂತುಗಳ ಊತದಿಂದ ಕೆಲವು ದಿನ ಒರಟಾಗಿರುತ್ತದೆ. ಪೇಸ್‌ಮೇಕರ್ ಜೊತೆಗೆ ಅಥವಾ ಅದಕ್ಕೆ ಸ್ವಲ್ಪ ಮೊದಲು ತೆರೆದ ಹೃದಯದ ಶಸ್ತ್ರಚಿಕಿತ್ಸೆಯೂ ಆಗಿದ್ದರೆ, ದನಿ ಕೆಡಲು ಪೇಸ್‌ಮೇಕರ್‌ಗಿಂತ ಆ ದೊಡ್ಡ ಶಸ್ತ್ರಚಿಕಿತ್ಸೆಯನ್ನೇ ಮೊದಲು ಅನುಮಾನಿಸಬೇಕು. ನರ ಅಲ್ಲಿ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡಿರುತ್ತದೆ.

ದನಿ ಒಂದು ವಾರ ಕಳೆದರೂ ಸರಿಹೋಗದಿದ್ದರೆ ಮನೆಯಲ್ಲಿಯೇ ಮೂರು ಸಂಗತಿಗಳನ್ನು ನೋಡಬಹುದು. ದಿನದ ಯಾವ ಹೊತ್ತಿನಲ್ಲಿ ದನಿ ಹೆಚ್ಚು ಕೆಟ್ಟಿರುತ್ತದೆ ಎಂಬುದು ಮೊದಲನೆಯದು. ಬೆಳಗ್ಗೆ ಎದ್ದಾಗ ಕೆಟ್ಟಿದ್ದು, ಬಾಯಲ್ಲಿ ಹುಳಿ ತೇಗಿನ ರುಚಿ ಇದ್ದು, ಮಧ್ಯಾಹ್ನದ ಹೊತ್ತಿಗೆ ತಿಳಿಯಾದರೆ ಹೊಟ್ಟೆಯ ಆಮ್ಲ ರಾತ್ರಿ ಗಂಟಲಿಗೆ ಏರುತ್ತಿರಬಹುದು. ಆಸ್ಪಿರಿನ್ ಹೊಸದಾಗಿ ಶುರುವಾಗಿದ್ದರೆ ಹೊಟ್ಟೆಯ ಉರಿ ಇನ್ನೂ ಹೆಚ್ಚುತ್ತದೆ. ರಾತ್ರಿಯೂಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆ ಬಿಟ್ಟು, ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರೆ ಎರಡು ವಾರದಲ್ಲಿ ವ್ಯತ್ಯಾಸ ತಿಳಿಯುತ್ತದೆ. ಆಸ್ಪಿರಿನ್ ಅನ್ನು ಮಾತ್ರ ನೀವಾಗಿ ನಿಲ್ಲಿಸಬಾರದು. ಬೆಳಗ್ಗೆ ಚೆನ್ನಾಗಿದ್ದ ದನಿ ಸಂಜೆಗೆ ದಣಿದು ಒಡೆದರೆ ಅದು ಸ್ನಾಯುಗಳ ಬಿಗಿತದ ಗುರುತು. ತಂತಿ ಜಾರೀತೆಂಬ ಭಯದಿಂದ ರೋಗಿ ತೋಳನ್ನು ಮೈಗೆ ಒತ್ತಿ, ಭುಜ ಎತ್ತಿ, ಕುತ್ತಿಗೆ ಸೆಟೆದುಕೊಂಡೇ ಇರುತ್ತಾರೆ. ಆ ಬಿಗಿತ ಧ್ವನಿಪೆಟ್ಟಿಗೆಯನ್ನೂ ಹಿಡಿದುಬಿಡುತ್ತದೆ. ವೈದ್ಯರು ಸಾಮಾನ್ಯವಾಗಿ ಹೇಳುವುದು ನಾಲ್ಕರಿಂದ ಆರು ವಾರ ತೋಳನ್ನು ಭುಜಕ್ಕಿಂತ ಮೇಲೆ ಎತ್ತಬೇಡಿ, ಭಾರ ಎಳೆಯಬೇಡಿ ಎಂದೇ ಹೊರತು ತೋಳನ್ನೇ ಆಡಿಸಬೇಡಿ ಎಂದಲ್ಲ. ಇನ್ನು, ಬೆಳಗಿನಿಂದ ರಾತ್ರಿಯವರೆಗೂ ಒಂದೇ ಸಮನೆ ಗಾಳಿ ಸೋರುವ ದನಿಯಿದ್ದರೆ ನರವನ್ನು ಅನುಮಾನಿಸಬೇಕು.

ಎರಡನೆಯದು ಕೆಮ್ಮು ಮತ್ತು ನಗು. ಮಾತು ಕರ್ಕಶವಾಗಿದ್ದರೂ ಕೆಮ್ಮು ಗಟ್ಟಿಯಾಗಿ, ನಗು ತಿಳಿಯಾಗಿ ಬರುತ್ತಿದ್ದರೆ ಧ್ವನಿತಂತುಗಳು ಕೂಡಿ ಮುಚ್ಚಿಕೊಳ್ಳುತ್ತಿವೆ ಎಂದು ಅರ್ಥ. ಅದು ಸಮಾಧಾನದ ಚಿಹ್ನೆ. ಕೆಮ್ಮೇ ಸಪ್ಪೆಯಾಗಿ, ಗಾಳಿ ಬಿಟ್ಟಂತೆ ಕೇಳಿದರೆ ಒಂದು ತಂತು ಅಲುಗಾಡದೆ ನಿಂತಿರಬಹುದು. ಮೂರನೆಯದು ಉಸಿರಿನ ಅಳತೆ. ಕುಳಿತು, ಸಾಧಾರಣ ಉಸಿರೆಳೆದುಕೊಂಡು "ಆ" ಎಂದು ಸಹಜ ದನಿಯಲ್ಲಿ ಎಳೆಯಬೇಕು. ಆರೋಗ್ಯವಂತ ವಯಸ್ಕರು ಸಾಮಾನ್ಯವಾಗಿ 15 ಸೆಕೆಂಡಿಗೂ ಮೀರಿ ಎಳೆಯುತ್ತಾರೆ, ವಯಸ್ಸಾದವರಲ್ಲಿ ಅದು ಸ್ವಲ್ಪ ಕಡಿಮೆ. 10 ಸೆಕೆಂಡು ಮುಟ್ಟದಿದ್ದರೆ ಗಾಳಿ ಎಲ್ಲೋ ಸೋರುತ್ತಿದೆ ಅಥವಾ ಶ್ವಾಸಕೋಶದಲ್ಲಿಯೇ ಉಸಿರು ಸಾಲದಾಗಿದೆ. ತಲೆಸುತ್ತುವವರು ಈ ಪರೀಕ್ಷೆಯನ್ನು ಮಾಡಬಾರದು, ಯಾರೂ ತಿಣುಕಿ ಮಾಡಬಾರದು.

ಎಷ್ಟು ದಿನ ಕಾಯಬಹುದು? ದನಿ ನಾಲ್ಕು ವಾರದೊಳಗೆ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ತಜ್ಞರು ಧ್ವನಿಪೆಟ್ಟಿಗೆಯನ್ನು ನೇರವಾಗಿ ನೋಡಲೇಬೇಕು. ಕೆಮ್ಮು ಸಪ್ಪೆಯಾಗಿದ್ದರೆ, ನೀರು ನೆತ್ತಿಗೆ ಹತ್ತುತ್ತಿದ್ದರೆ, ಕುತ್ತಿಗೆಯಲ್ಲಿ ಗಂಟಿದ್ದರೆ, ನಳಿಕೆ ಹಾಕಿಸಿಕೊಂಡವರಾಗಿದ್ದರೆ ಅಥವಾ ಬೀಡಿ, ಸಿಗರೇಟು, ತಂಬಾಕಿನ ಅಭ್ಯಾಸವಿದ್ದವರಾಗಿದ್ದರೆ ನಾಲ್ಕು ವಾರವನ್ನೂ ಕಾಯಬಾರದು. ಮೂಗಿನ ಮೂಲಕ ತೆಳ್ಳನೆಯ ಕ್ಯಾಮೆರಾ ಇಳಿಸಿ ನೋಡುವ ಈ ಪರೀಕ್ಷೆ ಕೆಲವೇ ನಿಮಿಷಗಳದು, ಪೇಸ್‌ಮೇಕರ್‌ಗೆ ಅದರಿಂದ ತೊಂದರೆಯಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಒಂದು ತಂತು ನಿಂತಿರುವುದು ಕಂಡರೆ ತಜ್ಞರು ತಲೆಬುರುಡೆಯ ತಳದಿಂದ ಎದೆಯವರೆಗೆ ನರದ ದಾರಿಯುದ್ದಕ್ಕೂ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ; ಶ್ವಾಸಕೋಶ ಅಥವಾ ಥೈರಾಯ್ಡ್ ಗ್ರಂಥಿಯ ಗಡ್ಡೆಯೂ ಇದೇ ನರವನ್ನು ಒತ್ತಬಲ್ಲದು. ಪೇಸ್‌ಮೇಕರ್ ಹಾಕಿದ ನಂತರ ಕಂಡಿತೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಅದರ ತಲೆಗೆ ಕಟ್ಟಿದರೆ ಇಂಥ ಕಾಯಿಲೆ ಕಣ್ತಪ್ಪಿಹೋಗುತ್ತದೆ. ನನ್ನ ದೊಡ್ಡ ಆತಂಕವೂ ಇದೇ.

ಎಳೆದು ಅಥವಾ ಒತ್ತಿ ಗಾಸಿಯಾದ ನರ ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ವಾಕ್ ಚಿಕಿತ್ಸಕರ ವ್ಯಾಯಾಮ ಬಹಳ ಉಪಕಾರಿ; ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ದನಿಯ ಚಿಕಿತ್ಸೆಗೆಂದೇ ತರಬೇತಾದವರಿದ್ದಾರೆ. ಪಿಸುಗುಟ್ಟಿ ಮಾತಾಡಿದರೆ ಗಂಟಲಿಗೆ ವಿಶ್ರಾಂತಿ ಎಂಬ ನಂಬಿಕೆ ಸರಿಯಲ್ಲ. ಅನೇಕರು ಪಿಸುಗುಟ್ಟುವಾಗ ಧ್ವನಿಪೆಟ್ಟಿಗೆಯನ್ನು ಇನ್ನಷ್ಟು ಬಿಗಿಹಿಡಿಯುತ್ತಾರೆ. ಮೆಲ್ಲನೆಯ ಸಹಜ ದನಿಯೇ ಒಳ್ಳೆಯದು.

ಲಕ್ಷಣ: ಬಿಡದ ಒಣಕೆಮ್ಮು

ನಮ್ಮ ತಾಯಿಗೆ ಪೇಸ್‌ಮೇಕರ್ ಹಾಕಿಸಿದ ಎರಡನೆಯ ವಾರ ಶುರುವಾದ ಕೆಮ್ಮು ಎರಡು ತಿಂಗಳು ಬಿಡಲಿಲ್ಲ. ಕೆಮ್ಮಿ ಕೆಮ್ಮಿ ದನಿಯೂ ಕೂತಿತು. ತಂತಿ ಎಲ್ಲೋ ತಾಗುತ್ತಿದೆ ಎಂದೇ ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಕೊನೆಗೆ ಒಬ್ಬ ವೈದ್ಯರು ಯಂತ್ರವನ್ನು ನೋಡುವ ಮೊದಲು ಮಾತ್ರೆಗಳ ಪೊಟ್ಟಣ ತರಿಸಿ ನೋಡಿದರು. ಅದೇ ವಾರ ರಕ್ತದೊತ್ತಡಕ್ಕೆಂದು ರಾಮಿಪ್ರಿಲ್ ಶುರುವಾಗಿತ್ತು. ಅವರು ಅದನ್ನು ಬೇರೆ ಗುಂಪಿನ ಮಾತ್ರೆಗೆ ಬದಲಿಸಿದರು, ಮೂರು ವಾರದಲ್ಲಿ ಕೆಮ್ಮು ನಿಂತಿತು.

ರಾಮಿಪ್ರಿಲ್, ಎನಲಾಪ್ರಿಲ್, ಲಿಸಿನೋಪ್ರಿಲ್ ಹೀಗೆ "ಪ್ರಿಲ್" ಎಂದು ಕೊನೆಯಾಗುವ ಮಾತ್ರೆಗಳು ಹೃದಯಕ್ಕೆ ತುಂಬ ಉಪಕಾರಿಯಾದವು, ಆದರೆ ಕೆಲವರಲ್ಲಿ ಗಂಟಲು ಕೆರೆಯುವ ಒಣಕೆಮ್ಮು ತರುತ್ತವೆ. ಮಾತ್ರೆ ಶುರುವಾದ ಕೆಲವು ದಿನಗಳಿಂದ ಕೆಲವು ತಿಂಗಳುಗಳ ನಡುವೆ ಯಾವಾಗ ಬೇಕಾದರೂ ಇದು ಕಾಣಿಸಿಕೊಳ್ಳಬಹುದು, ಮಾತ್ರೆ ಬದಲಿಸಿದ ಮೇಲೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ನೀವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಿ. ಇದೇ ಗುಂಪಿನ ಮಾತ್ರೆಯಿಂದ ತುಟಿ ನಾಲಿಗೆ ಊದಿಕೊಂಡರೆ ಮಾತ್ರ ಅದು ತುರ್ತು ಸ್ಥಿತಿ. ಮುಂದಿನ ಗುಳಿಗೆಯನ್ನು ನುಂಗದೆ ಆಸ್ಪತ್ರೆಗೆ ಹೋಗಬೇಕು.

ಮಲಗಿದರೆ ಹೆಚ್ಚುವ, ಎದ್ದು ಕೂತರೆ ತಗ್ಗುವ ಕೆಮ್ಮು, ಕಾಲುಬಾವು, ಎರಡು ಮೂರು ದಿನಗಳಲ್ಲಿ ಎರಡು ಕಿಲೋಗೂ ಹೆಚ್ಚು ತೂಕ ಏರಿದ್ದು ಒಟ್ಟಿಗೆ ಕಂಡರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತಿದೆ. ಅದೇ ದಿನ ವೈದ್ಯರನ್ನು ಕಾಣಬೇಕು. ನೊರೆಯಂಥ ನಸುಗೆಂಪು ಕಫ ಬಂದರೆ ತಕ್ಷಣ ತುರ್ತು ವಿಭಾಗಕ್ಕೆ ಹೊರಡಬೇಕು.

ಲಕ್ಷಣ: ನೀರು ಕುಡಿದರೆ ನೆತ್ತಿಗೆ ಹತ್ತುವುದು

ಅವಸರದಲ್ಲಿ ಒಮ್ಮೆ ನೆತ್ತಿಗೆ ಹತ್ತುವುದು ಎಲ್ಲರಿಗೂ ಇದ್ದದ್ದೇ. ಪ್ರತಿ ಊಟದಲ್ಲೂ ಹತ್ತಿದರೆ, ಅದರಲ್ಲೂ ಗಟ್ಟಿ ಅನ್ನ ಸಲೀಸಾಗಿ ಇಳಿದು ತೆಳು ನೀರು, ಕಾಫಿ, ತಿಳಿಸಾರು ಹತ್ತಿದರೆ, ಧ್ವನಿತಂತುಗಳು ನುಂಗುವ ಕ್ಷಣದಲ್ಲಿ ಶ್ವಾಸನಾಳವನ್ನು ಸರಿಯಾಗಿ ಮುಚ್ಚುತ್ತಿಲ್ಲ ಎಂದು ಅರ್ಥ. ನೀರು ಕುಡಿದ ಮೇಲೆ ದನಿ ತೇವವಾಗಿ, ಗೊಳಗೊಳ ಎನ್ನುವಂತೆ ಕೇಳಿಸಿದರೂ ಇದೇ ಸೂಚನೆ. ತಜ್ಞರನ್ನು ಕಾಣುವವರೆಗೆ ನೆಟ್ಟಗೆ ಕುಳಿತು, ಗದ್ದವನ್ನು ಎದೆಯ ಕಡೆಗೆ ತುಸು ಬಾಗಿಸಿ, ಚಿಕ್ಕ ಚಿಕ್ಕ ಗುಟುಕು ನುಂಗಬೇಕು. ಲೋಟವನ್ನು ತುಟಿಗೆ ತಾಗಿಸದೆ ತಲೆಯೆತ್ತಿ ಮೇಲಿನಿಂದ ನೀರು ಹೊಯ್ದುಕೊಳ್ಳುವ ನಮ್ಮ ರೂಢಿಯನ್ನು ಈ ದಿನಗಳಲ್ಲಿ ಬಿಟ್ಟೇಬಿಡಬೇಕು. ಜ್ವರ, ಕಫ, ಉಬ್ಬಸ ಶುರುವಾದರೆ ಆಹಾರ ಶ್ವಾಸಕೋಶಕ್ಕೆ ಇಳಿದಿರಬಹುದು, ತಡಮಾಡಬಾರದು.

ಲಕ್ಷಣ: ಕುತ್ತಿಗೆಯಲ್ಲಿ ಬಡಿತ, ಗಂಟಲಲ್ಲಿ ಏನೋ ತುಂಬಿದಂಥ ಬಿಗಿತ

ಇದನ್ನು ಗಂಟಲಿನ ತೊಂದರೆ ಎಂದುಕೊಂಡು ಗಂಟಲ ವೈದ್ಯರಲ್ಲಿಗೆ ಹೋಗುವವರಿದ್ದಾರೆ, ಅಲ್ಲಿ ಏನೂ ಕಾಣುವುದಿಲ್ಲ. ಕೆಳಗಿನ ಕೋಣೆಯನ್ನು ಮಾತ್ರ ಮಿಡಿಸುವ ಯಂತ್ರವಿದ್ದಾಗ, ಮೇಲಿನ ಹೃತ್ಕರ್ಣ ತನ್ನದೇ ಲಯದಲ್ಲಿ ಸಂಕುಚಿಸುತ್ತ ಕೆಲವೊಮ್ಮೆ ಮುಚ್ಚಿದ ಕವಾಟಕ್ಕೆ ಎದುರಾಗುತ್ತದೆ. ಮುಂದೆ ಹೋಗಬೇಕಾದ ರಕ್ತ ಹಿಂದಕ್ಕೆ, ಕುತ್ತಿಗೆಯ ಅಭಿಧಮನಿಗಳಿಗೆ ನುಗ್ಗುತ್ತದೆ. ರೋಗಿಗೆ ಅದು ಗಂಟಲಿನಲ್ಲಿ ಬಡಿದಂತೆ, ಉಸಿರುಕಟ್ಟಿದಂತೆ, ಕೆಮ್ಮು ಬಂದಂತೆ ಅನ್ನಿಸುತ್ತದೆ. ಜೊತೆಗೆ ಸುಸ್ತು, ತಲೆ ಹಗುರವಾದಂತೆ ಆಗುವುದೂ ಉಂಟು. ಇದಕ್ಕೆ ಪೇಸ್‌ಮೇಕರ್ ಸಿಂಡ್ರೋಮ್ ಎಂದೇ ಹೆಸರು. ಕನ್ನಡಿಯ ಮುಂದೆ ಕುಳಿತು ಕುತ್ತಿಗೆಯ ಬದಿಯಲ್ಲಿ ಆಗೊಮ್ಮೆ ಈಗೊಮ್ಮೆ ದೊಡ್ಡ ಅಲೆಯೊಂದು ಏಳುತ್ತದೆಯೇ ನೋಡಿ, ಮನೆಯವರಿಂದ ವಿಡಿಯೋ ಮಾಡಿಸಿ. ಯಂತ್ರದ ತಪಾಸಣೆಯಲ್ಲಿ ಹೊಂದಾಣಿಕೆ ಬದಲಿಸಿದರೆ ಹಲವರಿಗೆ ಪರಿಹಾರ ಸಿಗುತ್ತದೆ. ಕೆಲವರಿಗೆ ಮೇಲಿನ ಕೋಣೆಗೂ ಒಂದು ತಂತಿ ಬೇಕಾಗುತ್ತದೆ.

ಲಕ್ಷಣ: ಲಯಬದ್ಧ ಬಿಕ್ಕಳಿಕೆ, ಮಾತಿನ ನಡುವೆ ದನಿ ತುಂಡಾಗುವುದು

ಗಡಿಯಾರ ಹಿಡಿದು ಒಂದು ನಿಮಿಷ ಬಿಕ್ಕಳಿಕೆ ಅಥವಾ ಹೊಟ್ಟೆಯ ಮೇಲ್ಭಾಗದ ಅದುರುವಿಕೆಯನ್ನು ಎಣಿಸಿ. ಯಂತ್ರವನ್ನು ನಿಮಿಷಕ್ಕೆ 60 ಬಡಿತಕ್ಕೆ ಹೊಂದಿಸಿದ್ದು, ಅದುರುವಿಕೆಯೂ 60ರ ಹತ್ತಿರವಿದ್ದರೆ, ನಾಡಿಯ ಜೊತೆಜೊತೆಗೇ ಬರುತ್ತಿದ್ದರೆ, ಹೃದಯಕ್ಕೆಂದು ಹೊರಟ ವಿದ್ಯುತ್ ಮಿಡಿತ ಪಕ್ಕದಲ್ಲಿ ಹಾದುಹೋಗುವ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವಿನ) ನರವನ್ನೂ ತಟ್ಟುತ್ತಿದೆ. ವಪೆ ಪ್ರತಿ ಬಾರಿ ಸೆಳೆದಾಗ ಉಸಿರು ತುಂಡಾಗಿ ದನಿಯೂ ತುಂಡಾಗುತ್ತದೆ. ಎಡಕ್ಕೆ ಅಥವಾ ಬಲಕ್ಕೆ ಹೊರಳಿದಾಗ ಹೆಚ್ಚು ಕಡಿಮೆಯಾಗುತ್ತದೆಯೇ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಎಡ ಹೃತ್ಕುಕ್ಷಿಗೂ (ಹೃದಯದ ಎಡಬದಿಯ ಕೆಳಗಿನ ಕೋಣೆಗೂ) ತಂತಿ ಹಾಕುವ ಬಗೆಯ ಯಂತ್ರಗಳಲ್ಲಿ ಇದು ಹೆಚ್ಚು. ಅನೇಕ ವೇಳೆ ಮಿಡಿತದ ಬಲ ತಗ್ಗಿಸಿದರೆ ಅಥವಾ ಅದರ ದಾರಿ ಬದಲಿಸಿದರೆ ಮತ್ತೆ ಕೊಯ್ಯದೆಯೇ ಸರಿಹೋಗುತ್ತದೆ. ಆದರೆ ತಂತಿ ಜಾಗ ಬಿಟ್ಟು ಸರಿದಾಗ, ಅಪರೂಪಕ್ಕೆ ಹೃದಯದ ಗೋಡೆಯನ್ನು ದಾಟಿದಾಗ ಕೂಡ ಹೀಗಾಗುವುದರಿಂದ, ಹೊಸದಾಗಿ ಶುರುವಾದ ಲಯಬದ್ಧ ಬಿಕ್ಕಳಿಕೆಯನ್ನು ಮನೆಮದ್ದಿಗೆ ಬಿಡದೆ ಅಂದೇ ಹೃದ್ರೋಗ ವಿಭಾಗಕ್ಕೆ ತಿಳಿಸಬೇಕು. ಚರ್ಮದಡಿಯ ಯಂತ್ರವನ್ನು ಬೆರಳಿನಿಂದ ತಿರುಗಿಸುತ್ತ ಕೂರುವ ಅಭ್ಯಾಸ ಕೆಲವರಿಗಿರುತ್ತದೆ. ಹಾಗೆ ತಿರುಗಿಸಿದಾಗ ತಂತಿ ಸುತ್ತಿಕೊಂಡು ಹೃದಯದಿಂದ ಹಿಂದಕ್ಕೆ ಬಂದುಬಿಡಬಹುದು.

ಲಕ್ಷಣ: ಮುಖ, ಕುತ್ತಿಗೆಯ ಬಾವಿನೊಂದಿಗೆ ದನಿ ದಪ್ಪಗಾಗುವುದು

ಮೊದಲ ದಿನಗಳಲ್ಲಿ ಕುತ್ತಿಗೆ ಊದಿಕೊಂಡು, ಬೆರಳಿನಿಂದ ಒತ್ತಿದರೆ ಮಂಡಕ್ಕಿ ಹಿಸುಕಿದಂತೆ ಚರಚರ ಎನ್ನುತ್ತಿದ್ದರೆ ಚರ್ಮದಡಿಗೆ ಗಾಳಿ ಸೇರಿದೆ. ಶ್ವಾಸಕೋಶದ ಹೊದಿಕೆಗೆ ಸೂಜಿ ತಾಗಿರಬಹುದು. ಉಸಿರಾಟ ಸಲೀಸಾಗಿದೆ ಎನಿಸಿದರೂ ಅದೇ ದಿನ ಎದೆಯ ಎಕ್ಸ್-ರೇ ಆಗಬೇಕು. ವಾರಗಳು, ತಿಂಗಳುಗಳು, ಕೆಲವೊಮ್ಮೆ ವರ್ಷಗಳ ನಂತರ ಬೆಳಗ್ಗೆ ಎದ್ದಾಗ ಮುಖ ಊದಿರುವುದು, ಅಂಗಿಯ ಕತ್ತು ಬಿಗಿಯಾಗುವುದು, ಬಗ್ಗಿದರೆ ತಲೆ ಭಾರವಾಗುವುದು, ಯಂತ್ರವಿರುವ ಬದಿಯ ಕೈ ಊದುವುದು, ಎದೆಯ ಮೇಲೆ ನೀಲಿ ನರಗಳು ಎದ್ದು ಕಾಣುವುದು, ಇವೆಲ್ಲ ತಂತಿ ಹಾದ ದೊಡ್ಡ ಅಭಿಧಮನಿ ಕಿರಿದಾಗಿ ಅಥವಾ ಹೆಪ್ಪುಗಟ್ಟಿ ಮೇಲಿನ ರಕ್ತ ಇಳಿಯದಿರುವ ಚಿಹ್ನೆಗಳು. ಸ್ಕ್ಯಾನ್ ಇಲ್ಲದೆ ಇದನ್ನು ತೀರ್ಮಾನಿಸಲಾಗದು. ಇಂಥ ಬಾವಿಗೆ ಎಣ್ಣೆ ಹಚ್ಚಿ ತಿಕ್ಕಬಾರದು.

ಲಕ್ಷಣ: ತಿಂಗಳುಗಳ ನಂತರ ನಿಧಾನವಾಗಿ ಗಡಸಾಗುವ ದನಿ

ಬಡಿತದ ಲಯ ಸರಿಪಡಿಸಲು ಅಮಿಯೋಡರೋನ್ ತೆಗೆದುಕೊಳ್ಳುವವರಲ್ಲಿ ಥೈರಾಯ್ಡ್ ಗ್ರಂಥಿ ಮಂದವಾಗಬಹುದು. ಚಳಿ ತಡೆಯದಿರುವುದು, ಮಲಬದ್ಧತೆ, ಮೈ ಭಾರ, ಚರ್ಮ ಒಣಗುವುದರೊಂದಿಗೆ ದನಿ ದಪ್ಪಗಾದರೆ ಒಂದು ಸರಳ ರಕ್ತಪರೀಕ್ಷೆಯಿಂದ ವಿಷಯ ತಿಳಿಯುತ್ತದೆ.

ಮನೆಮದ್ದು ಮತ್ತು ಚಿಕಿತ್ಸೆಗಳ ವಿಷಯದಲ್ಲಿ ಎಚ್ಚರ

ದನಿ ಕೂತ ಕೂಡಲೇ ನಮ್ಮವರ ಕೈಗೆ ಬರುವುದು ಜ್ಯೇಷ್ಠಮಧು. ಹಾಡುವವರಿಗೂ ಪಾಠ ಹೇಳುವವರಿಗೂ ಅದು ಪ್ರಿಯವಾದದ್ದೇ ಆದರೂ, ಹೃದ್ರೋಗಿಗಳು ದಿನವೂ ಅಗಿಯುತ್ತಿದ್ದರೆ ಅದು ಮೈಯಲ್ಲಿ ಉಪ್ಪುನೀರನ್ನು ಹಿಡಿದಿಟ್ಟು ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಮ್ ಇಳಿಸಿ ಲಯವನ್ನು ಕೆಡಿಸುತ್ತದೆ. ಮೂತ್ರದ ಮಾತ್ರೆಯೋ ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆಯೋ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಕಷಾಯದ ಪುಡಿ, ಕೆಮ್ಮಿನ ಔಷಧ, ಗಂಟಲ ಗುಳಿಗೆಗಳಲ್ಲೂ ಅದು ಬೆರೆತಿರುವುದರಿಂದ ಪಟ್ಟಿ ಓದಿ ಕೊಳ್ಳಬೇಕು. ಮೂಗು ಬಿಡಿಸುವ ಅಂಶವಿರುವ ನೆಗಡಿ ಮಾತ್ರೆಗಳು ಒತ್ತಡವನ್ನೂ ಬಡಿತವನ್ನೂ ಏರಿಸುತ್ತವೆ. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ರಕ್ತ ತೆಳುವಾಗಿಸುವ ಮದ್ದಿನೊಂದಿಗೆ ಸೇರಿದರೆ ರಕ್ತಸ್ರಾವ ತರಬಲ್ಲವು. ಗಂಟಲ ನೋವಿಗೆ ಪ್ಯಾರಾಸಿಟಮಾಲ್ ಎಷ್ಟು ತೆಗೆದುಕೊಳ್ಳಬಹುದೆಂದು ನಿಮ್ಮ ವೈದ್ಯರನ್ನೇ ಕೇಳಿ.

ನುಂಗುವ ತೊಂದರೆಗೆ ಕುತ್ತಿಗೆಯ ಮೇಲೆ ವಿದ್ಯುತ್ ಪ್ಯಾಡ್ ಅಂಟಿಸಿ ಸ್ನಾಯುಗಳನ್ನು ಪ್ರಚೋದಿಸುವ ಚಿಕಿತ್ಸೆಯೂ, ಕುತ್ತಿಗೆ ಭುಜದ ನೋವಿಗೆ ಕೊಡುವ ಡಯಾಥರ್ಮಿ ಶಾಖವೂ ಪೇಸ್‌ಮೇಕರ್ ಇರುವವರಿಗೆ ಸಲ್ಲದವು; ಡಯಾಥರ್ಮಿಯನ್ನಂತೂ ಮಾಡಿಸಿಕೊಳ್ಳಲೇಬಾರದು, ವಿದ್ಯುತ್ ಪ್ಯಾಡನ್ನು ಹೃದ್ರೋಗ ತಜ್ಞರು ಬರೆದು ಒಪ್ಪಿಗೆ ಕೊಡದೆ ಹಾಕಿಸಿಕೊಳ್ಳಬಾರದು. ಗಂಟಲಿನ ಶಸ್ತ್ರಚಿಕಿತ್ಸೆಯೇ ಬೇಕಾಗಿ ಬಂದರೆ ರಕ್ತ ನಿಲ್ಲಿಸಲು ಬಳಸುವ ವಿದ್ಯುತ್ ಸುಡುಕಡ್ಡಿ ಪೇಸ್‌ಮೇಕರ್ ಅನ್ನು ಗೊಂದಲಗೊಳಿಸಬಲ್ಲದಾದ್ದರಿಂದ ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಬೇಕು. ಎಂ.ಆರ್.ಐ. ಹೇಳಿದರೆ ಯಂತ್ರದ ಗುರುತಿನ ಚೀಟಿ ತೋರಿಸಿ, ಯಂತ್ರವೂ ತಂತಿಯೂ ಎರಡೂ ಅದಕ್ಕೆ ಹೊಂದುವಂಥವೇ ಎಂದು ಖಚಿತಪಡಿಸಿಕೊಳ್ಳಿ. ದನಿ ಸಾಲದೆಂದು ಮೈಕು ಹಿಡಿಯುವ ಶಿಕ್ಷಕರು, ಹರಿಕಥೆ ಮಾಡುವವರು, ಹಾಡುವವರು ಅಂಗಿಗೆ ಆಯಸ್ಕಾಂತದಿಂದ ಅಂಟುವ ಬಗೆಯ ಪುಟ್ಟ ಮೈಕನ್ನು ಯಂತ್ರದ ಮೇಲ್ಭಾಗದಲ್ಲಿ ಸಿಕ್ಕಿಸಿಕೊಳ್ಳಬಾರದು, ಕುತ್ತಿಗೆಗೆ ನೇತುಹಾಕುವ ಧ್ವನಿವರ್ಧಕವನ್ನೂ ಎದೆಗೆ ತಾಗಿಸಿಕೊಳ್ಳಬಾರದು. ಅದನ್ನು ಸೊಂಟಕ್ಕೆ ಕಟ್ಟಿಕೊಂಡು, ಕಿವಿಗೆ ಸಿಕ್ಕಿಸುವ ಮೈಕಿನಲ್ಲಿ ಮಾತಾಡಬಹುದು.